ಸಾಕ್ಷಿಗೆ ಕಲಿಸಿದ ಮಾತು

ರಾಜಮತಿ ಹಿತ್ತಲ ಕಟ್ಟೆಯ ಮೇಲೆ ಕೂತು ಕಂದೀಲಿನ ಗಾಜು ಒರೆಸುತ್ತಿದ್ದಳು. ಹಳೆಯ ಧೋತರದ ಚಿಂದಿಗೆ ಜರಡಿ ಹಿಡಿದ ಬೂದಿ ಹಚ್ಚಿ, ಗಾಜಿನೊಳಗೆ ಎರಡು ಬೆರಳು ತೂರಿಸಿ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಮಸಿ ಬಿಡುತ್ತಿತ್ತು. ಹಿಂದೆ ಮುಂದೆ ಉಜ್ಜಿದರೆ ಇನ್ನಷ್ಟು ಹರಡಿಕೊಳ್ಳುತ್ತಿತ್ತು. ಇದನ್ನು ಅವಳು ತಾನೇ ಕಂಡುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಹಿಂದೆ ಬಾಗಿಲಲ್ಲಿ ಗಂಡ ಅಪ್ಪಾಜಿ ಬಂದು ನಿಂತದ್ದು ಅವಳಿಗೆ ತಿಳಿದಿತ್ತು. ದಿನವಿಡೀ ನೂಲಿನ ಗಂಟುಗಳ ನಡುವೆ ಇರುತ್ತಿದ್ದವನ ಅಂಗಿಯಿಂದ ಗಂಜಿಯ ಹುಳಿ ವಾಸನೆ ಅವನಿಗಿಂತ ಮೊದಲೇ ಬರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಗಾಜು ಬೆಳಕಿಗೆ ಹಿಡಿದು, ಉಳಿದಿದ್ದ ಒಂದು ಮಸಿಯ ಗೆರೆಯನ್ನು ಕಿರುಬೆರಳಿನಿಂದ ತೆಗೆದಳು. ಕೈ ನಿಂತರೆ ಮಾತು ಶುರುವಾಗುತ್ತದೆ ಎಂದು, ಸ್ವಚ್ಛವಾಗಿದ್ದ ಗಾಜನ್ನೇ ಮತ್ತೊಮ್ಮೆ ಒರೆಸಿದಳು.

ಅಪ್ಪಾಜಿ ಕೊನೆಗೆ ಬಾವಿಯ ಕಟ್ಟೆಗೆ ಬಂದು ಕೂತ.

“ಹೂಂ, ಹೇಳು. ಆರೋಪಿ ಅಂದ್ರ ಯಾರು?”

“ಮೈದುನರು.”

“ಮೈದುನರು ಅನಬ್ಯಾಡಂತ ನಿನ್ನೇನ ಹೇಳೇನಿ. ಒಂದನೇ ಆರೋಪಿ ಅನಬೇಕು.”

“ಒಂದನೇ ಆರೋಪಿ.”

“ಎರಡನೇ ಆರೋಪಿ?”

“ಸಿದರಾಯ.”

“ಅವಂಗ ಹೆಸರ ಹಿಡದ ಅಂದ್ರೂ ನಡೀತೈತಿ,” ಎಂದು ಅಪ್ಪಾಜಿ ಸ್ವಲ್ಪ ಯೋಚಿಸಿ ಹೇಳಿದ. “ಪಾಟೀಸವಾಲು ಅಂದ್ರ?”

“ಎದುರಿನ ವಕೀಲರು ತಿರುವಿ ತಿರುವಿ ಕೇಳೋದು.”

“ಆಗ ಏನ ಅನಬೇಕು?”

“ನೆನಪಿಲ್ರಿ ಅನಬೇಕು.”

ಅಪ್ಪಾಜಿ ತಲೆ ಆಡಿಸಿದ. ಅವನು ಕೆಟ್ಟವನಲ್ಲ. ಮದುವೆಯಾದ ಮೇಲೆ ಇಷ್ಟು ದಿನ ಅವಳ ಎದುರು ಕೂತು, ಅವಳ ಮುಖ ನೋಡಿ, ಅವಳ ಬಾಯಿಂದ ಮಾತು ಬರುವ ತನಕ ಕಾದದ್ದು ಇದೇ ಮೊದಲು. ಅದಕ್ಕೆ ಅವಳಿಗೆ ಒಂದು ಬಗೆಯ ಸುಖವೂ ಆಗುತ್ತಿತ್ತು, ಸುಖವಾಗುತ್ತಿದೆ ಎಂದು ನಾಚಿಕೆಯೂ ಆಗುತ್ತಿತ್ತು. ನಾಳೆ ಜಮಖಂಡಿಯ ಕೋರ್ಟಿನಲ್ಲಿ ಅವಳು ಸಾಕ್ಷಿ ಹೇಳಬೇಕಿತ್ತು. ಸುಂಕ ವಸೂಲಿಯ ಜಕಾತಿ ನಾಕೆಗೆ ಬೆಂಕಿ ಬಿದ್ದ ಸಂಜೆ ಮೈದುನ ಪಾರಿಸಪ್ಪ ಮನೆಯಲ್ಲೇ ಇದ್ದ ಎಂದು ಅವಳು ಹೇಳಿದರೆ ಅವನು ಖುಲಾಸೆ ಆಗುತ್ತಿದ್ದ. ಆಮೇಲೆ ಬೆಂಕಿ ಹಚ್ಚಿದವನು ನೇಕಾರ ಸಿದರಾಯ ಒಬ್ಬನೇ ಎಂದಾಗುತ್ತಿತ್ತು. ಮೊದಲಿನ ಮಾತನ್ನು ಮನೆಯಲ್ಲಿ ಎಲ್ಲರೂ ಆಡುತ್ತಿದ್ದರು. ಎರಡನೆಯದನ್ನು ಯಾರೂ ಆಡುತ್ತಿರಲಿಲ್ಲ. ಅದು ಲೆಕ್ಕದಲ್ಲಿ ತಾನಾಗಿ ಉಳಿಯುವ ಶೇಷದ ಹಾಗೆ ಮೂಲೆಯಲ್ಲಿ ಕೂತಿತ್ತು.

ಆರೋಪಿ, ಫಿರ್ಯಾದಿ, ಜಾಮೀನು, ಜಬಾನಿ, ಖುಲಾಸೆ. ಈ ಮಾತುಗಳನ್ನು ಅವಳು ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಬಾಯಲ್ಲೇ ಹೊರಳಿಸಿ ನೋಡಿದ್ದಳು. ಒಂದಕ್ಕೂ ಮನೆಯ ರುಚಿ ಇರಲಿಲ್ಲ. ಮನೆಯ ಮಾತುಗಳಿಗೆ ಯಾವುದೋ ಕೈ, ಯಾವುದೋ ಪಾತ್ರೆ ಅಂಟಿಕೊಂಡಿರುತ್ತದೆ. ಇವು ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ತಗಡಿನ ಡಬ್ಬಿಗಳ ಹಾಗೆ, ತಟ್ಟಿದರೆ ಸದ್ದು, ಒಳಗೆ ಖಾಲಿ. ಚಿಕ್ಕವಳಿದ್ದಾಗ ತವರೂರು ಹುನ್ನೂರಿನ ಸಾಲೆಯಲ್ಲಿ ಮಾಸ್ತರರು ಇಂಥವೇ ಕೆಲವನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದರು: ಸಂಸ್ಥಾನದ ಅಧಿಪತಿ ಯಾರು, ದಿವಾನರೆಂದರೆ ಯಾರು, ಮಾಮಲೇದಾರರ ಕೆಲಸವೇನು. ತಪಾಸಣೆಗೆ ಬಂದ ಸಾಹೇಬರು ಅವಳನ್ನೇ ಎಬ್ಬಿಸಿ ಮೊದಲನೆಯದನ್ನೇ ಕೇಳಿದರು. ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿ ಇಡೀ ಹೆಸರು ಬಿರುದಾವಳಿಯ ಸಮೇತ ನಿಂತಿತ್ತು. ಆದರೆ ಅಷ್ಟು ಮಂದಿಯ ಕಣ್ಣು ಒಮ್ಮೆಲೆ ತನ್ನ ಬಾಯಿಯ ಮೇಲೆ ಬಿದ್ದ ಕೂಡಲೆ ಅದು ಬಾಯಿಯೇ ಅಲ್ಲವೆಂಬಂತೆ, ಯಾರದೋ ಮನೆಯ ಮುಚ್ಚಿದ ಬಾಗಿಲು ಎಂಬಂತೆ ಆಗಿಬಿಟ್ಟಿತು. “ದಡ್ಡಿ ಐತ್ರಿ ಸಾಹೇಬ್ರ,” ಅಂದರು ಮಾಸ್ತರರು, ನಗುತ್ತ. ಮರುದಿನ ಹೊಟ್ಟೆನೋವು ಎಂದಳು. ಅದರ ಮರುದಿನವೂ ಎಂದಳು. ಅವ್ವ, “ಹೆಂಗಿದ್ರೂ ಬಿಡಸೋದೇ ಇತ್ತಲ್ಲ,” ಅಂದಳು. ಅಲ್ಲಿಗೆ ಸಾಲೆ ಮುಗಿದಿತ್ತು. ದಡ್ಡಿ ಎಂಬ ಮಾತಿಗಿಂತ ಆ ನಗೆಯೇ ಈಗಲೂ ಒಮ್ಮೊಮ್ಮೆ ನೀರು ಸೇದುವಾಗ ಕಿವಿಗೆ ಬಿದ್ದು, ಹಗ್ಗ ಹಿಡಿದ ಕೈ ಬಿಗಿಯಾಗುತ್ತಿತ್ತು.

“ಆ ದಿನ ಸಂಜೀಮುಂದ ಒಂದನೇ ಆರೋಪಿ ಎಲ್ಲಿದ್ದ?” ಎಂದು ಅಪ್ಪಾಜಿ ವಕೀಲರ ದನಿ ಮಾಡಿ ಕೇಳಿದ.

“ಪಡಸಾಲ್ಯಾಗ ಮಲಗಿದ್ರಿ. ಜ್ವರ ಬಂದಿತ್ರಿ. ಕಂಬಳಿ ಹೊದ್ದಿದ್ರಿ.”

“ಶಾಬಾಸ್.”

ಆ ಸಂಜೆ ಪಾರಿಸಪ್ಪ ಮಲಗಿರಲಿಲ್ಲ. ಕಾರ್ತಿಕದಲ್ಲಿ ಜೈನರು ಎಂಟು ದಿನ ಮಾಡುವ ಅಷ್ಟಾಹ್ನಿಕ ಪೂಜೆಗೆಂದು ಮಾವ ಆದಪ್ಪನವರೂ ಅತ್ತೆ ಅಕ್ಕವ್ವನೂ ಹೊತ್ತಿರುವಾಗಲೇ ಊಟ ಮುಗಿಸಿ ಬಸದಿಗೆ ಹೋಗಿದ್ದರು. ಅಪ್ಪಾಜಿ ಸೀರೆ ಗಂಟು ತಗೊಂಡು ಮುಧೋಳಕ್ಕೆ ಹೋಗಿದ್ದ. ರಾಜಮತಿ ಪಾತ್ರೆ ತೊಳೆದು ಬೋರಲು ಹಾಕಿ, ದೀಪ ಹಚ್ಚಿ, ಒಲೆಗೆ ನೀರು ಚಿಮುಕಿಸುವಷ್ಟರಲ್ಲಿ ಪಾರಿಸಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, “ವೈನೀ, ಚಿಮಣಿ ಎಣ್ಣಿ ಡಬ್ಬಿ ಎಲ್ಲೈತಿ?” ಎಂದ. ಕಂಟ್ರೋಲಿನ ಸೀಮೆಎಣ್ಣೆ, ಪಾಳಿ ಹಚ್ಚಿ ತಂದದ್ದು, ಅತ್ತೆ ಅದನ್ನು ಅಕ್ಕಿಯ ಹಾಗೆ ಅಳೆದು ಕೊಡುತ್ತಿದ್ದಳು. ಯಾಕೆ ಎಂದು ಕೇಳಬಹುದಿತ್ತು. ಅತ್ತೆ ಬರಲಿ ಎನ್ನಬಹುದಿತ್ತು. ರಾಜಮತಿ ಮೂಲೆಯಿಂದ ಡಬ್ಬಿ ತೆಗೆದು, ಹೊರಗೆ ಹತ್ತಿದ ಎಣ್ಣೆಯನ್ನು ಒರೆಸಿ, ಅವನ ಕೈಗೆ ಕೊಟ್ಟಳು. ಅವನ ಕೈ ಜಾರಬಾರದೆಂದು ಒರೆಸಿ ಕೊಟ್ಟದ್ದೇ ಈಗ ಅವಳ ಮನಸ್ಸಿನಲ್ಲಿ ಹೆಚ್ಚು ಚುಚ್ಚುತ್ತಿತ್ತು. ಹಿತ್ತಲಲ್ಲಿ ಸಿದರಾಯ ನಿಂತಿದ್ದ. ಅವರ ಮನೆಯ ನೂಲು ಒಯ್ದು ಸೀರೆ ನೇಯ್ದು ಕೊಡುವವನು. ದಿನಾ ಕಾಣುವ ಮುಖ. “ಈಟು ನೀರ ಹಾಕ್ರಿ ಅವ್ವಾರ,” ಅಂದ. ಬೊಗಸೆ ಒಡ್ಡಿದ. ಅವಳು ಮೇಲಿನಿಂದ ತಂಬಿಗೆ ಬಾಗಿಸಿದಳು. ಮಗ್ಗದ ಹಗ್ಗ ಎಳೆದೆಳೆದು ದಡ್ಡುಗಟ್ಟಿದ್ದ ಆ ಕೈಗಳ ಸಂದಿಯಿಂದ ನೀರು ಸ್ವಲ್ಪವೂ ಸೋರಲಿಲ್ಲ. ಇಬ್ಬರೂ ಹಿತ್ತಲ ಬಾಗಿಲಿಂದಲೇ ಹೋದರು.

ನಾಕೆ ಇದ್ದದ್ದು ಎರಡೂರ ನಡುವೆ. ಇವರ ಊರು ಬನಹಟ್ಟಿ ಜಮಖಂಡಿಯ ಸಂಸ್ಥಾನಕ್ಕೆ ಸೇರಿದ್ದು, ಕೂಗಳತೆಯ ರಬಕವಿ ಸಾಂಗಲಿಯವರದು. ಒಂದು ಊರಿನ ನೂಲು ಇನ್ನೊಂದು ಊರಿನ ಮಗ್ಗಕ್ಕೆ ಹೋಗಬೇಕೆಂದರೆ ಪರದೇಶದಿಂದ ಬಂದ ಮಾಲಿನ ಹಾಗೆ ಅದಕ್ಕೆ ಜಕಾತಿ. ಒಂದು ಬಿದಿರಿನ ಅಡ್ಡಗೋಲು, ಒಂದು ತಗಡಿನ ಮಾಡು, ಒಂದು ಬೆಂಚು, ಬೆಂಚಿನ ಮೇಲೆ ತುಕಾರಾಮ ಎಂಬ ಮುದಿ ಸಿಪಾಯಿ. ಬ್ರಿಟಿಷರು ಹೋಗಿ ಮಳೆಗಾಲ ಕಳೆದರೂ ಆ ಗೋಲು ಏಳುತ್ತ ಇಳಿಯುತ್ತಲೇ ಇತ್ತು. ಅದನ್ನು ಸುಟ್ಟರೆ ಸುದ್ದಿಯಾಗುತ್ತದೆ ಎಂದು ಪ್ರಜೆಗಳ ಸರಕಾರ ಬೇಕೆನ್ನುವ ಊರ ಪ್ರಜಾ ಸಂಘದ ಹುಡುಗರು, ಪಾರಿಸಪ್ಪನೂ ಸೇರಿ, ಮಾತಾಡಿಕೊಂಡಿದ್ದರು. ತುಕಾರಾಮ ಒಳಗೆ ನಿದ್ದೆ ಹೋಗಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಅವನು ಕೂಗಿಕೊಂಡಾಗ ಪಾರಿಸಪ್ಪ ರಬಕವಿಯ ಕಡೆಗೆ ಓಡಿದ. ಆ ಹದ್ದಿಗೆ ಹೋದರೆ ಜಮಖಂಡಿ ಪೊಲೀಸರು ಕಾಲಿಡುವ ಹಾಗಿಲ್ಲ, ಅಲ್ಲಿ ಅಕ್ಕವ್ವನ ತವರೂ ಇತ್ತು. ಸಿದರಾಯ ಬೆಂಕಿಯ ಕಡೆಗೇ ಹಿಂದಕ್ಕೆ ಓಡಿದ. ತುಕಾರಾಮನನ್ನು ಎಳೆದು ಹೊರಗೆ ತಂದು, ಅವನ ಸುಟ್ಟ ಕೈಗೆ ಮಣ್ಣು ಬಳಿಯುತ್ತ ಕೂತಿದ್ದಾಗಲೇ ಜನ ಬಂದು ಹಿಡಿದರು. ಇಷ್ಟನ್ನು ಬಾವಿಕಟ್ಟೆಯ ಹೆಂಗಸರೇ ಹೇಳಿದ್ದು. ಸಂಘದ ಮುಂದಾಳೆಂದು ಪೊಲೀಸರು ಪಾರಿಸಪ್ಪನ ಹೆಸರನ್ನೇ ಮೊದಲು ಬರೆದುಕೊಂಡಿದ್ದರು. ಎಂಟು ದಿನ ಬಿಟ್ಟು ವಕೀಲರು ಜಾಮೀನಿನ ವ್ಯವಸ್ಥೆ ಮಾಡಿದ ಮೇಲೆ ಅವನು ಮನೆಗೆ ಬಂದ. ಸಿದರಾಯನಿಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ.

ಆ ಜ್ವರ ಮತ್ತು ಕಂಬಳಿ ಕೂಡ ಸುಲಭಕ್ಕೆ ಬಂದದ್ದಲ್ಲ. ವಕೀಲರು ಜಮಖಂಡಿಯಿಂದ ಬಂದು ಪಡಸಾಲೆಯ ಗಾದಿಯ ಮೇಲೆ ಕೂತು ಮೊದಲು ಹೇಳಿದ್ದು ಬೇರೆಯೇ. “ಸೊಸೀಬಾಯಿ ಸಾಕ್ಷಿ ಭಾಳ ಗಟ್ಟಿ ಆಗತದ. ಸರಳ ಹೇಳ್ಲಿ. ದೀಪ ಹಚ್ಚಿದ್ದೆ, ಮೈದುನಗ ಊಟಕ್ಕ ಬಡಸಲಿಕ್ಕೆ ಹತ್ತಿದ್ದೆ, ಅಷ್ಟರಾಗ ಬೆಂಕಿ ಬೆಂಕಿ ಅಂತ ಕೇಳ್ತು. ಮುಗೀತು.” ಮಾವ ತಲೆ ಆಡಿಸಿದರು. ಅಪ್ಪಾಜಿಯೂ ಆಡಿಸಿದ. ಬಾಗಿಲ ಮರೆಯಲ್ಲಿ ರಾಜಮತಿಯ ಜೊತೆ ನಿಂತಿದ್ದ ಅಕ್ಕವ್ವ, ಗಂಡಸರೆದುರಿಗೆ ಎಂದೂ ದನಿ ಎತ್ತದವಳು, ಸೆರಗು ಸರಿಪಡಿಸಿಕೊಂಡು ಹೊರಗೇ ಬಂದುಬಿಟ್ಟಳು.

“ಏನಂದ್ರಿ? ಹೊತ್ತ ಮುಳಗಿದ ಮ್ಯಾಲೆ ನಮ್ಮನ್ಯಾಗ ಉಣಸ್ತಾರ?”

“ಅಕ್ಕಾರ, ಇದು ಕೋರ್ಟಿನ ಮಾತು—”

“ಕೋರ್ಟಿಂದರ ಇರಲಿ, ಕಚೇರೀದರ ಇರಲಿ. ನಾಳೆ ಬಸದ್ಯಾಗ ಯಾವ ಮೋತಿ ತಗೊಂಡು ಕೂಡಬೇಕ್ರಿ ನಾನು? ಆದಪ್ಪನೋರ ಮನ್ಯಾಗ ರಾತ್ರಿ ಊಟಂತ, ಹೆಣ್ಮಗಳೇ ಸಾಹೇಬನ ಮುಂದ ಒಪ್ಪಿಕೊಂಡ್ಳಂತ! ಜೇಲಿಗಾದ್ರೂ ಹೋಗ್ಲಿ ನನ ಮಗ, ಉಂಡಾನಂತ ಮಾತ್ರ ಅನಿಸಬ್ಯಾಡ್ರಿ.”

ವಕೀಲರು ನಗಬೇಕೋ ಬೇಡವೋ ತಿಳಿಯದೆ ಮಾವನ ಮುಖ ನೋಡಿದರು. ಆಮೇಲೆ ಮಧ್ಯಾಹ್ನವಿಡೀ ಅದೇ ಆಯಿತು. ನೀರು ಕುಡಿಯುತ್ತಿದ್ದ ಎನ್ನೋಣವೆಂದರೆ ನೀರೂ ಇಲ್ಲ. ಜ್ವರ ಬಂದಿತ್ತು, ಕಷಾಯ ಕೊಟ್ಟೆ ಎನ್ನೋಣವೆಂದರೆ ಕಷಾಯವೂ ಇಲ್ಲ. ಹಣೆಗೆ ತಣ್ಣೀರ ಬಟ್ಟೆ ಹಾಕಿದೆ ಎನ್ನಲಿ ಎಂದಾಗ ಅಪ್ಪಾಜಿ, “ಹಣಿ ಮುಟ್ಟಿದ್ದೆಲ್ಲಾ ಯಾಕ ಬೇಕ್ರಿ,” ಎಂದು ನೆಲ ನೋಡಿದ. ಕೊನೆಗೆ ಜ್ವರ ಉಳಿಯಿತು, ಕಂಬಳಿ ಬಂತು. ಎಲ್ಲರೂ ಹಗುರಾದರು. ಅಕ್ಕವ್ವ ವಕೀಲರಿಗೆ ಬೆಲ್ಲದ ಪಾನಕ ಕಳಿಸಿದಳು. ಒಂದು ಸುಳ್ಳನ್ನು ಇಷ್ಟು ಶುದ್ಧ ಮಾಡಲು ಇಷ್ಟು ಜನ ಬೆವರಿದ್ದನ್ನು ರಾಜಮತಿ ಬಾಗಿಲ ಮರೆಯಿಂದ ನೋಡಿದಳು. ಆ ಇಡೀ ಮಧ್ಯಾಹ್ನ ಸಿದರಾಯನ ಹೆಸರು ಒಮ್ಮೆಯೂ ಬರಲಿಲ್ಲ. ಬರಲಿಲ್ಲವೆಂದು ತಾನು ಗಮನಿಸಿದ್ದೇ ಅವಳಿಗೆ ಏನೋ ತಪ್ಪು ಮಾಡಿದ ಹಾಗನ್ನಿಸಿ, ಪಾನಕದ ಪಾತ್ರೆಯನ್ನು ಎರಡೆರಡು ಸಲ ತೊಳೆದಳು.

“ಅವ್ವಾರ, ನೂಲ ಕೊಡತೀರೇನ್ರಿ?”

ಹಿತ್ತಲ ಬೇಲಿಯ ಹತ್ತಿರ ಸಿದರಾಯನ ಹೆಂಡತಿ ಹಾಲವ್ವ ನಿಂತಿದ್ದಳು. ಅಪ್ಪಾಜಿ ಬಾವಿಕಟ್ಟೆಯಿಂದ ಎದ್ದು, ಏನೋ ನೆನಪಾದವನಂತೆ ಒಳಗೆ ಹೋದ. ದನಿ ಕೇಳಿ ಅಕ್ಕವ್ವ ಹೊರಗೆ ಬಂದಳು.

“ನೂಲು ಒಯ್ದು ಏನ ಮಾಡ್ತಿಯವಾ? ಗಂಡ ಒಳಗದಾನ. ಮಗ್ಗದ ಕುಣ್ಯಾಗ ಯಾರ ಕೂಡಾವ್ರು?”

“ನಾನ ಕೂಡ್ತೀನ್ರಿ.”

“ನೂಲಿನ ಕಂಡಿಕಿ ಸುತ್ತಾಕಿ ನೀನು, ನೇಯಾಕ ಬರತೈತೇನ? ಸೀರಿ ಬರೂದಿಲ್ಲ, ಗೋಣಿಚೀಲ ಬರ್ತಾವ ನೋಡು.”

“ಬರಲ್ರಿ ಬಿಡ್ರಿ. ಈಗಿನ ಕಂಟ್ರೋಲದಾಗ ಗೋಣಿಚೀಲ ಸೀರಿಗಿಂತ ತುಟ್ಟಿ ಆಗೇತಿ.”

ಅಕ್ಕವ್ವನಿಗೆ ನಗೆ ತಡೆಯಲಾಗಲಿಲ್ಲ. “ಬಾಯಿ ಒಂದ ಗಟ್ಟಿ ಐತಿ ಮೂಳಿಗೆ,” ಎನ್ನುತ್ತ ನೂಲು ತರಲು ಒಳಗೆ ಹೋದಳು. ಹಾಲವ್ವನ ಬೆರಳ ತುದಿಗಳಲ್ಲಿ ಬಣ್ಣ ಹತ್ತಿತ್ತು, ಆಗಲೇ ಮಗ್ಗಕ್ಕೆ ಕೂತಿದ್ದಾಳೆಂದು ರಾಜಮತಿಗೆ ತಿಳಿಯಿತು. ಈಗ ಕೇಳುತ್ತಾಳೆ, ಈಗ ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ರಾಜಮತಿ ಕಾದಳು; ಹಿಡಿದರೆ ಏನು ಮಾಡಬೇಕೆಂದು ಅಪ್ಪಾಜಿ ಕಲಿಸಿರಲಿಲ್ಲ.

“ನಾಳೆ ನೀವೂ ಬರ್ತೀರಂತಲ್ರಿ ಕೋರ್ಟಿಗೆ,” ಅಂದಳು ಹಾಲವ್ವ.

“ಹೂಂ.”

“ತಂಬಿಗಿ ತುಂಬಕೊಂಡ ಬರ್ರಿ. ಅಲ್ಲಿ ಹೆಂಗಸರಿಗೆ ನೀರು ಸಿಗೂದಿಲ್ಲ. ನಾ ಹೋದ ಸಲ ಹೋಗಿ ಭಾಳ ತ್ರಾಸ ತಗೊಂಡೆ.”

ಅಷ್ಟೇ ಅಂದಳು. ಅಕ್ಕವ್ವ ತಂದ ನೂಲು ಎತ್ತಿಕೊಂಡು ಹೋದಳು. ಅವಳು ಬೈದಿದ್ದರೆ ಸಹಿಸಬಹುದಿತ್ತು.

ಪಾರಿಸಪ್ಪ ಮನೆಯಲ್ಲೇ ಇರುತ್ತಿದ್ದ, ಆದರೆ ಎಲ್ಲಿಯೂ ಸಿಗುತ್ತಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಮೊದಲು ಹೀಗಿರಲಿಲ್ಲ. ಹೊಲಕ್ಕೆ ಎಲ್ಲರೂ ಹೋದ ಮಧ್ಯಾಹ್ನಗಳಲ್ಲಿ ಅವನು ಒಳಕೋಣೆಯಲ್ಲಿ ಜೋಳದ ಕಣಜದ ಮುಂದೆ ನಿಂತು ಭಾಷಣ ಕಲಿಯುತ್ತಿದ್ದ. ಪ್ರಜೆಗಳೇ, ಹಕ್ಕು, ಜವಾಬ್ದಾರಿ ಸರಕಾರ, ದಬ್ಬಾಳಿಕೆ. ರಾಜಮತಿ ಹೊರಗೆ ಕಾಳು ಹಸನು ಮಾಡುತ್ತ ಕೇಳುತ್ತಿದ್ದಳು. ಅವನ ಬಾಯಲ್ಲಿ ಆ ಮಾತುಗಳು ಖಾಲಿ ಡಬ್ಬಿಗಳಾಗಿರಲಿಲ್ಲ, ಅಥವಾ ಆಗ ಹಾಗೆ ಅನ್ನಿಸಿರಲಿಲ್ಲ. ಒಮ್ಮೆ ಅವಳು ಕೇಳುತ್ತಿದ್ದುದು ಅವನಿಗೆ ತಿಳಿದು, ಬೈಯುತ್ತಾನೆಂದು ಅವಳು ಮೊರ ಎತ್ತಿಕೊಂಡು ಏಳುವಷ್ಟರಲ್ಲಿ, “ವೈನೀ, ನಮ್ಮ ರಾಜ್ಯ ಬಂದ್ರ ನಿಮಗೂ ಒಂದು ವೋಟು ಇರತೈತಿ, ಗೊತ್ತೇನ್ರಿ?” ಎಂದಿದ್ದ.

“ನಿಮ್ಮಣ್ಣಗ?”

“ಅಣ್ಣಗೂ ಒಂದು.”

“ಅವರಿಗಿಂತ ಸಣ್ಣದಿರತೈತೇನು ನಂದು?”

ಅವನು ಬಿದ್ದು ಬಿದ್ದು ನಕ್ಕಿದ್ದ, ಆದರೆ ಆ ಮಾಸ್ತರರ ಹಾಗಲ್ಲ. “ಇಲ್ರೀ ವೈನೀ, ಎಲ್ಲಾರ್ದೂ ಅಷ್ಟಷ್ಟ ಇರತೈತಿ. ರಾಜಂದೂ ಅಷ್ಟ, ಸಿದರಾಯಂದೂ ಅಷ್ಟ.” ಆ ರಾತ್ರಿ ಅವಳು ಬಹಳ ಹೊತ್ತು ಅದನ್ನೇ ನೆನೆದಿದ್ದಳು. ಅಷ್ಟಷ್ಟೇ ಇರುವಂಥದ್ದು ಅವಳು ಈ ಮನೆಯಲ್ಲಿ ಇನ್ನೂ ಏನನ್ನೂ ಕಂಡಿರಲಿಲ್ಲ.

ಕೋರ್ಟಿನ ದಿನ ನಸುಕಿನಲ್ಲಿ ಗಾಡಿ ಹೂಡುವಾಗ ಪಾರಿಸಪ್ಪ, ಜಾಮೀನಿನ ಮೇಲೆ ಬಂದಾಗಿನಿಂದ ಮೊದಲ ಸಲ, ಅವಳ ಹತ್ತಿರ ಬಂದು ನಿಂತ. ಮುಖ ಬೇರೆ ಕಡೆಗಿತ್ತು. “ವೈನೀ, ನಾ ಹೊರಗಿರಬೇಕಾಗೇತಿ. ನನ್ನ ಸಲುವಾಗಿ ಅಲ್ಲ, ಚಳುವಳಿ ಸಲುವಾಗಿ. ಸಿದರಾಯನ ತ್ಯಾಗ ಸಂಘ ಮರಿಯೂದಿಲ್ಲ. ಅವನ ಮನಿ ನಾವ ನೋಡಕೋತೇವಿ.” ತ್ಯಾಗ ಎಂದರೆ ಕೊಡುವವನು ತಾನೇ ಕೊಡುವುದು ಎಂದು ಬಸದಿಯಲ್ಲಿ ಪಂಡಿತರು ಹೇಳಿದ್ದು ಅವಳಿಗೆ ನೆನಪಾಯಿತು. ಅವನಿಗೆ ಹೇಳಲಿಲ್ಲ. ಅವನ ಅಂಗಿಯ ಮೇಲಿನ ಗುಂಡಿ ತಪ್ಪು ಕಾಜಿಗೆ ಹೋಗಿತ್ತು. ಕಿರಿಯವನು, ಮುಂದಿನ ಸುಗ್ಗಿಗೆ ಹೆಣ್ಣು ನೋಡಬೇಕೆಂದಿದ್ದರು. ಇವನನ್ನು ಉಳಿಸುವುದು ಪಾಪವೇನೂ ಅಲ್ಲ ಎಂದು ಆ ಕ್ಷಣ ಅವಳಿಗೆ ನಿಜವಾಗಿಯೂ ಅನ್ನಿಸಿತು. ದಾರಿಯುದ್ದಕ್ಕೂ, ಗಾಲಿಯ ಸದ್ದಿಗೆ ಸರಿಯಾಗಿ, ಜ್ವರ, ಕಂಬಳಿ, ಪಡಸಾಲೆ ಎಂದು ಹೇಳಿಕೊಳ್ಳುತ್ತ ಬಂದಳು.

ಕೋರ್ಟು ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಬಸದಿಯ ಪ್ರಾಂಗಣದಷ್ಟು ಜಾಗ, ಸುಣ್ಣ ಉದುರಿದ ಗೋಡೆ, ಮೇಜಿನ ಹಿಂದೆ ನೆಗಡಿ ಹಿಡಿದ ನ್ಯಾಯಾಧೀಶರು. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ಕಾರಕೂನ ಮರಾಠಿಯಲ್ಲಿ ಬರೆದುಕೊಳ್ಳುತ್ತಿದ್ದ. ಬೇಡಿ ಹಾಕಿದ ಸಿದರಾಯನನ್ನು ತಂದು ನಿಲ್ಲಿಸಿದರು. ಗಡ್ಡ ಬಂದಿತ್ತು. ಅವನು ಮಾವನನ್ನು ಕಂಡು, ಎಂದಿನ ರೂಢಿಯಿಂದ, ಬೇಡಿಯ ಕೈಯನ್ನೇ ಎತ್ತಿ, “ಶರಣ್ರಿ ಸಾವಕಾರ್ರ,” ಅಂದ. ಮಾವನ ಕೈಯೂ ರೂಢಿಯಿಂದಲೇ ಅರ್ಧ ಮೇಲೆದ್ದು, ಅಲ್ಲೇ ರುಮಾಲು ಸರಿಮಾಡಿಕೊಳ್ಳುವುದಕ್ಕೆ ತಿರುಗಿತು. ಪಕ್ಕದಲ್ಲಿ ತುಕಾರಾಮ ಬಟ್ಟೆ ಸುತ್ತಿದ ಕೈಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಯಾವ ಕೈ ಡಬ್ಬಿ ಹಿಡಿದಿತ್ತೆಂದು ಅವನು ಕಂಡಿರಲಿಲ್ಲ. ಎಚ್ಚರಾದಾಗ ಕಂಡದ್ದು ಸಿದರಾಯನ ಮುಖ ಒಂದೇ ಎಂದು ಆಗಲೇ ಹೇಳಿಯಾಗಿತ್ತು. ಹೆಸರು ಕೂಗಿದರು. ರಾಜಮತಿ ಕಟಕಟೆ ಹತ್ತಿದಳು. ದೇವರ ಸಾಕ್ಷಿಯಾಗಿ ಎಂದು ಕಾರಕೂನ ಅಂದದ್ದನ್ನು ಅಂದಳು. ತನ್ನ ದನಿ ತನಗೇ ಕೇಳಲಿಲ್ಲ. “ಜೋರಾಗಿ,” ಎಂದರು ನ್ಯಾಯಾಧೀಶರು. ಮತ್ತೊಮ್ಮೆ ಅಂದಳು. ಎಲ್ಲರ ಕಣ್ಣು ಬಾಯಿಯ ಮೇಲೆ ಬಿದ್ದಿತ್ತು. ಹುನ್ನೂರಿನ ಸಾಲೆ ಕಣ್ಣೆದುರು ಎದ್ದು ನಿಂತಿತು.

ಇವರ ಕಡೆಯ ವಕೀಲರು ಕೋಟಿನ ಕಿಸೆಯಿಂದ ಕಾಗದ ತೆಗೆದರು. ಆ ದಿನ ಅವರಿಗೆ ಇನ್ನೂ ನಾಲ್ಕಾರು ಖಟ್ಲೆ ಇದ್ದವು. ಬೆಳಗಿನಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಮೊದಲು ಬರೆದುಕೊಂಡಿದ್ದ, ಊಟದ ಮಾತಿದ್ದ ಕಾಗದವೇ ಕೈಗೆ ಬಂದಿತ್ತು.

“ಬಾಯಿ, ಆ ದಿನಾ ಸಂಜಿಗೆ ದೀಪ ಹಚ್ಚಿದ ಮ್ಯಾಲೆ ನೀವು ಒಂದನೇ ಆರೋಪಿಗೆ ಊಟಕ್ಕ ಬಡಸಲಿಕ್ಕೆ ಹತ್ತಿದ್ರಿ. ಹೌದಲ್ಲೋ?”

ರಾಜಮತಿ ಕಲಿತದ್ದರಲ್ಲಿ ಇದು ಇರಲಿಲ್ಲ. ಎಲ್ಲಿದ್ದ ಎಂದು ಕೇಳುತ್ತಾರೆ ಎಂದಿದ್ದರು, ಊಟದ ಮಾತು ತೆಗೆದಾಗಿತ್ತು. ಅವಳು ಅಪ್ಪಾಜಿಯನ್ನು ಹುಡುಕಿದಳು. ಅವನು ಕಣ್ಣು ಮುಚ್ಚಿದ್ದ. ಹೌದು ಎಂದರೆ ವಕೀಲರು ಹೇಳಿದ ಹಾಗೆ, ಇಲ್ಲ ಎಂದರೆ ಅತ್ತೆ ಹೇಳಿದ ಹಾಗೆ. ಹೆಂಗಸರ ಬೆಂಚಿನಲ್ಲಿ ಅಕ್ಕವ್ವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

“ಇಲ್ರಿ,” ಎಂದಳು ರಾಜಮತಿ. “ಹೊತ್ತ ಮುಳಗಿದ ಮ್ಯಾಲೆ ನಮ್ಮನ್ಯಾಗ ಯಾರೂ ಉಣ್ಣೂದಿಲ್ರಿ.”

ಅಕ್ಕವ್ವ ಎಲ್ಲರಿಗೂ ಕಾಣುವ ಹಾಗೆ ತಲೆ ಆಡಿಸಿದಳು. ಯಾರೋ ಹಿಂದೆ ನಕ್ಕರು. ವಕೀಲರು ಕಾಗದವನ್ನೊಮ್ಮೆ ನೋಡಿ, ತಪ್ಪು ತಿಳಿದು, ಕೆಮ್ಮಿ, “ಬರೋಬ್ಬರಿ, ಬರೋಬ್ಬರಿ,” ಅಂದರು. “ಊಟ ಅಲ್ಲ. ಹಂಗಾದ್ರ ಆಗ ಅವರು ಮನ್ಯಾಗ ಏನ ಮಾಡಲಿಕ್ಕೆ ಹತ್ತಿದ್ರು, ಅದನ್ನರ ಹೇಳ್ರಿ.”

ಈಗ ಜ್ವರ ಹೇಳಬೇಕಿತ್ತು. ಮಾತು ಸಿದ್ಧವಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದಕ್ಕಿಂತ ಮೊದಲು ಆಡಿದ ಮಾತು ಇನ್ನೂ ಬಾಯಲ್ಲೇ ಇತ್ತು. ಅವಳದೇ ಮಾತು, ಯಾರೂ ಕಲಿಸದ್ದು, ದಿನಾ ತೊಳೆದು ಬೋರಲು ಹಾಕುವ ಪಾತ್ರೆಗಳ ಮಾತು. ಇಷ್ಟು ಮಂದಿಯೆದುರು ತನ್ನ ಬಾಯಿ ತೆರೆದಿದೆ, ಇನ್ನೂ ತೆರೆದೇ ಇದೆ ಎಂಬುದು ಅವಳಿಗೆ ಬೇರೆ ಯಾರನ್ನೋ ನೋಡುತ್ತಿದ್ದ ಹಾಗೆ ಆಶ್ಚರ್ಯವಾಯಿತು. ಪಾತ್ರೆ ಬೋರಲು ಹಾಕಿದ್ದು, ದೀಪ ಹಚ್ಚಿದ್ದು, ಒಲೆಗೆ ನೀರು ಚಿಮುಕಿಸಿದ್ದು. ಅದರ ಮುಂದೆ ಏನಾಯಿತೋ ಅದೇ ಬಂತು.

“ಚಿಮಣಿ ಎಣ್ಣಿ ಕೇಳಿದ್ರಿ. ನಾ ಕೊಟ್ಟೆ.”

ಕಾರಕೂನನ ಲೇಖಣಿ ನಿಂತಿತು. ನ್ಯಾಯಾಧೀಶರು ಮೂಗು ಒರೆಸಿಕೊಳ್ಳುತ್ತಿದ್ದ ವಸ್ತ್ರವನ್ನು ಮೇಜಿನ ಮೇಲಿಟ್ಟರು. “ಯಾರು ಕೇಳಿದ್ರು?”

“ನಮ್ಮ ಮೈದುನರು ಕೇಳಿದ್ರಿ.” ಒಂದನೇ ಆರೋಪಿ ಎನ್ನಬೇಕಿತ್ತೆಂದು ಆಮೇಲೆ ಹೊಳೆಯಿತು.

“ಯಾಕೆ ಬೇಕು ಅಂತ ಹೇಳಿದ್ರೇನು?”

“ಇಲ್ರಿ.”

“ನೀನು ಕೇಳಲಿಲ್ಲ?”

“ಇಲ್ರಿ.”

“ಯಾಕೆ?”

“ಮನ್ಯಾಗ ನಾ ಯಾರನ್ನೂ ಏನೂ ಕೇಳೂದಿಲ್ರಿ.”

ಮತ್ತೆ ಯಾರೋ ನಗಬಹುದೆಂದು ಅವಳು ಕಾದಳು. ಯಾರೂ ನಗಲಿಲ್ಲ. ಸಿದರಾಯ ಅಲ್ಲಿದ್ದನೇ ಎಂದು ಕೇಳಿದರು, ಇದ್ದ ಎಂದಳು, ನೀರು ಕುಡಿದ ಎಂದಳು. ಡಬ್ಬಿ ಯಾರ ಕೈಯಲ್ಲಿತ್ತು ಎಂದು ಕೇಳಿದರು, ಹೇಳಿದಳು. ವಕೀಲರು ಕೂತುಬಿಟ್ಟಿದ್ದರು. ಸರಕಾರದ ವಕೀಲರು ಎದ್ದು ತಮ್ಮದೇನೂ ಸವಾಲಿಲ್ಲವೆಂದರು. ಇಷ್ಟು ದಿನ ಹೆದರಿದ್ದ ಪಾಟೀಸವಾಲು ಹೀಗೆ ಆಗದೆಯೇ ಹೋಯಿತು. ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಲು ಕಾರಕೂನ ಮಸಿಡಬ್ಬಿ ಮುಂದೆ ಮಾಡಿದಾಗ, ಅವಳು ತನಗೆ ಸಹಿ ಬರುತ್ತದೆ ಎಂದಳು. ರಾಜಮತಿ ಎಂದು ಬರೆದಳು. ಅದನ್ನು ಎಷ್ಟೋ ವರ್ಷದಿಂದ ಬರೆದಿರಲಿಲ್ಲ.

ಪಾರಿಸಪ್ಪನ ಜಾಮೀನು ರದ್ದಾಯಿತು. ಮುಂದಿನ ತಾರೀಖಿನ ತನಕ ಅವನೂ ಒಳಗೇ ಇರಬೇಕೆಂದು ಹುಕುಂ ಆಯಿತು. ವರಾಂಡದಲ್ಲಿ ಬಿಟ್ಟಿದ್ದ ಅವನ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದರು. ಅವನು ಸಿಪಾಯಿಯನ್ನು ನಿಲ್ಲಿಸಿ, ಬಾಗಿ, ಅಲ್ಲಿದ್ದ ಜೋಡುಗಳನ್ನೆಲ್ಲ ಸರಿಸಿ ಹುಡುಕಿ, ಕೊನೆಗೆ ಬರಿಗಾಲಲ್ಲೇ ಹೋದ. ಅವಳ ಮುಂದೆ ಹಾಯ್ದಾಗ ತಲೆ ಎತ್ತಿ ನೋಡಿದ. ಅದರಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ಅವಳಿಗೆ ತಿಳಿಯಲಿಲ್ಲ, ನೋಡಿದ್ದಂತೂ ನೋಡಿದ. ಬೇವಿನ ಗಿಡದ ಕೆಳಗೆ ಹಾಲವ್ವ ನಿಂತಿದ್ದಳು. ಅವಳ ಗಂಡನೂ ಇನ್ನೂ ಒಳಗೇ. ಅವಳು ಕೈ ಮುಗಿಯಲಿಲ್ಲ, ಅಳಲಿಲ್ಲ. “ನಿಮಗೂ ಹಿಡೀತಾರೇನ್ರಿ, ಎಣ್ಣಿ ಕೊಟ್ಟೀರಂತ?” ಎಂದು ಮೆಲ್ಲಗೆ ಕೇಳಿದಳು. ರಾಜಮತಿ ಗೊತ್ತಿಲ್ಲವೆಂದು ತಲೆ ಆಡಿಸಿದಳು. ನಿಜವಾಗಿಯೂ ಗೊತ್ತಿರಲಿಲ್ಲ. ಅದಕ್ಕೆ ಏನನ್ನುತ್ತಾರೋ ಆ ಮಾತನ್ನು ಅಪ್ಪಾಜಿ ಕಲಿಸಿರಲಿಲ್ಲ.

ಅಪ್ಪಾಜಿ ಎತ್ತು ಹೂಡಿ ಗಾಡಿಯ ಮೂಕಿಯ ಮೇಲೆ ಕೂತಿದ್ದ, ಬೆನ್ನು ಇತ್ತ ಇತ್ತು. ಮಾವ ಕಮಾನಿನೊಳಗೆ ಒರಗಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಬರಿತಲೆಯಲ್ಲಿ ಅವರನ್ನು ರಾಜಮತಿ ಎಂದೂ ಕಂಡಿರಲಿಲ್ಲ. ಅಕ್ಕವ್ವ ಹಿಂದೆ ಕೂತಿದ್ದಳು. ಬರುವಾಗ ಪಾರಿಸಪ್ಪ ಕೂತಿದ್ದ ಜಾಗದಲ್ಲಿ ರೊಟ್ಟಿಯ ಗಂಟನ್ನು ಇಟ್ಟು, ರಾಜಮತಿ ಕೂತಿದ್ದ ಜಾಗದಲ್ಲಿ ಕಂಬಳಿಯನ್ನು ಹರಡಿ, ಅದರ ಮೇಲೆ ಕೈ ಊರಿದ್ದಳು. ಹೊತ್ತು ಇಳಿಯತೊಡಗಿತ್ತು, ಮುಳುಗುವ ಮೊದಲು ದಾರಿಯಲ್ಲೆಲ್ಲೋ ನಿಲ್ಲಿಸಿ ಉಣ್ಣಬೇಕಿತ್ತು. ರಾಜಮತಿ ಗಾಡಿಯ ಹಿಂದೆ ಬಂದು ನಿಂತಳು. ಯಾರಾದರೂ ಸರಿಯುತ್ತಾರೆಂದು ಸ್ವಲ್ಪ ಹೊತ್ತು ಕಾದಳು. ಎತ್ತು ಕೊರಳು ಕೊಡವಿತು. ಅವಳು ಹಲಗೆಯ ಮೇಲೆ ಕೈ ಇಟ್ಟಳು.

“ಅತ್ತೀ, ಕಂಬಳಿ ಒಂದೀಟ ಆಚೆ ಸರಸ್ರಿ. ನಾ ಹತ್ತತೀನಿ.”